ಅಪ್ಪನ ಕಂಪ್ಯೂಟರಿಗೆ ಮದ್ದು

ನಮ್ಮ ಕಡೆ ಮದ್ದು ಎಂಬ ಮಾತಿಗೆ ಎರಡು ಅರ್ಥ. ಡಾಕ್ಟರು ಕೊಟ್ಟರೆ ಅದು ಔಷಧ. ಆಗದವರು ಅನ್ನದಲ್ಲಿ ಬೆರೆಸಿ ಕೊಟ್ಟರೆ ಅದು ಕೈಮದ್ದು; ತಿಂದವರು ದಿನದಿನಕ್ಕೆ ಸೊರಗಿ ಹಾಸಿಗೆ ಹಿಡಿಯುತ್ತಾರೆ ಎಂದು ನಂಬಿಕೆ. 'ಮದ್ದು ತೆಗೆದುಕೊಂಡ' ಎಂದರೆ ಒಳ್ಳೆಯ ಸುದ್ದಿ, 'ಮದ್ದು ಹಾಕಿದ್ದಾರೆ' ಎಂದರೆ ಕೆಟ್ಟ ಸುದ್ದಿ. ಮಣಿಪಾಲದ ಕಂಪ್ಯೂಟರ್ ಮೇಷ್ಟ್ರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ಅವರು ಕಾಪುವಿನ ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ಅಮ್ಮನ ಎದುರು ನಿಂತು, "ಇದಕ್ಕೆ ಮದ್ದು ಹಾಕ್ಬೇಕಮ್ಮ" ಎಂದುಬಿಟ್ಟರು. ಅಷ್ಟರಲ್ಲಾಗಲೇ ನಮ್ಮ ಮನೆಯಲ್ಲಿ ಆ ಮಾತಿನ ಹೆಸರಿನಲ್ಲಿ ಎರಡು ವರ್ಷದ ಮೌನ ನಡೆದಿತ್ತು.

ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದರು, ಜನರ ಬಾಯಲ್ಲಿ 'ಏಜಂಟ್ರು'. ಎಪ್ಪತ್ತರ ದಶಕದಲ್ಲಿ ಕಾರ್ಕಳದಲ್ಲಿ, ಆಮೇಲೆ ಉಡುಪಿಯಲ್ಲಿ. ನಮ್ಮದು ಖಾಸಗಿ ಬಸ್ಸುಗಳ ಜಿಲ್ಲೆ. ಒಂದರ ಬೆನ್ನಿಗೆ ಒಂದು ಬರುವ ಬಸ್ಸುಗಳು ನಿಮಿಷಕ್ಕಾಗಿ ಜಗಳವಾಡುತ್ತವೆ, ಆ ಜಗಳ ಬಿಡಿಸುವವನೇ ಟೈಮ್ ಕೀಪರ್. ಅಪ್ಪ ಎಡಗೈಯ ಗಡಿಯಾರ ನೋಡುತ್ತ, "ಕಾಪು ಪಡುಬಿದ್ರಿ ಹೆಜಮಾಡಿ ಮುಲ್ಕಿ" ಎಂದು ಒಂದೇ ಉಸಿರಿಗೆ ಕೂಗಿದರೆ ಸ್ಟ್ಯಾಂಡಿನ ಆ ತುದಿಯ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರು ಲೋಟ ಇಟ್ಟು ಓಡಿಬರುತ್ತಿದ್ದರು. ತಡವಾಗಿ ಬಂದ ಬಸ್ಸಿನ ಡ್ರೈವರ್ "ಎರಡು ನಿಮಿಷ ಅಲ್ವಾ ಮಾರಾಯ್ರೆ" ಎಂದು ಎಷ್ಟು ಗೋಗರೆದರೂ ಬಿಡುತ್ತಿರಲಿಲ್ಲ, ಕೆಂಪು ಪೆನ್ನಿನಲ್ಲಿ 'ಲೇಟ್' ಎಂದು ಬರೆಯುತ್ತಿದ್ದರು. ಆದರೆ ಒಂದು ದಿನವೂ ಬೈದವರಲ್ಲ. ಯಾಕೆ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ಬಂದ ಬಸ್ಸಿಗೆ ಬೈಲಿಕ್ಕಿಲ್ಲ ಮಗಾ. ಲೇಟ್ ಅಂತ ಬರೆದು ಒಳಗೆ ಬಿಡ್ಬೇಕು. ಅದ್ರಲ್ಲಿ ಜನ ಉಂಟು" ಎಂದಿದ್ದರು.

ಅವರಿಗೆ ಒಬ್ಬಳೇ ತಂಗಿ, ನನ್ನ ಅತ್ತೆ. ಮದುವೆಯಾದ ಮೇಲೆ ಕಾರ್ಕಳದಲ್ಲೇ ಇದ್ದವಳು. ತಾಯಿ ಬೇಗ ಹೋದದ್ದರಿಂದ ಅಪ್ಪನೇ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದರಂತೆ. ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಒಂದು ದಿನ ಅಪ್ಪ ಅವಳ ಮನೆಗೆ ಹೋಗಿ, ಗುಳ್ಳಬದನೆಯ ಸಾರಿನಲ್ಲಿ ಹೊಟ್ಟೆ ತುಂಬ ಉಂಡು ಬಂದರು. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಬಾವಿಕಟ್ಟೆಯ ಹತ್ತಿರ ಬಿದ್ದರು. ಪಾರ್ಶ್ವವಾಯು. ಬಲಗೈ ಬಲಗಾಲು ಸೋತವು, ನಾಲಿಗೆ ಹೊರಳದಾಯಿತು. ಕೇಳುವುದು, ತಿಳಿಯುವುದು, ನೆನಪು, ಸಿಟ್ಟು ಎಲ್ಲ ಮೊದಲಿನಂತೆಯೇ ಇತ್ತು. ಮಾತು ಮಾತ್ರ ಬಾಯಿಯೊಳಗೇ ಕಲಸಿಹೋಗುತ್ತಿತ್ತು.

ಡಾಕ್ಟರು ರಕ್ತದೊತ್ತಡ ಎಂದರು. ಎರಡು ವರ್ಷದಿಂದ ಮಾತ್ರೆ ನುಂಗದೆ, ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದ ಮನುಷ್ಯನಿಗೆ ಬೇರೆ ಎಂತ ಆಗಬೇಕು? ಆದರೆ ನೋಡಲು ಬಂದವರಲ್ಲಿ ಯಾರೋ, "ಹಿಂದಿನ ದಿನ ಎಲ್ಲಿ ಉಂಡದ್ದು?" ಎಂದು ಕೇಳಿದರು. ಅಷ್ಟು ಸಾಕಾಯಿತು. ಅಮ್ಮ ಅಪ್ಪನನ್ನು ಮದ್ದು ತೆಗೆಯುವವನ ಬಳಿ ಕರೆದುಕೊಂಡು ಹೋದಳು. ಅವನು ಏನೋ ಕಷಾಯ ಕುಡಿಸಿ ವಾಂತಿ ಮಾಡಿಸಿದ. ವಾಂತಿಯಲ್ಲಿ ಒಂದು ಕಪ್ಪು ಉಂಡೆ ಬಿತ್ತು ಎಂದು ಅಮ್ಮ ಇಂದಿಗೂ ಹೇಳುತ್ತಾಳೆ. ನಾನೂ ನೋಡಿದ್ದೆ. ಅದು ಹುಣಿಸೆಹಣ್ಣು. ನಮ್ಮ ಮನೆಯ ಸಾರಿಗೂ ಹುಣಿಸೆ ಹಾಕದೆ ಇನ್ನೆಂತ ಹಾಕುತ್ತಾರೆ?

ಅವತ್ತೇ ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಹೆದರಿದವಳಿಗೆ ಬೈಯಲು ಯಾರಾದರೂ ಒಬ್ಬರು ಬೇಕಾಗುತ್ತದೆ, ಬೈದುಕೊಳ್ಳಲಿ ಎಂದು ಸುಮ್ಮನಾದೆ. ಅತ್ತೆ ಮೂರು ಸಲ ಬಂದಳು. ಅಮ್ಮ ಮೂರು ಸಲವೂ ಚಾವಡಿಯಿಂದಲೇ ತಿರುಗಿಸಿ ಕಳಿಸಿದಳು. ಮೂರನೆಯ ಸಲ ಅತ್ತೆ ಗೇಟಿನ ಹೊರಗೆ ನಿಂತು, ತಂದ ಬಾಳೆಹಣ್ಣನ್ನು ಗೋಡೆಯ ಮೇಲಿಟ್ಟು ಹೋದಳು. ಒಳಗೆ ಅಪ್ಪ ಮಂಚದ ಮೇಲೆ ಎದ್ದು ಕೂರಲು ಒದ್ದಾಡುತ್ತಿದ್ದರು. ಬಾಳೆಹಣ್ಣು ದನಕ್ಕೆ ಹೋಯಿತು. ಆಮೇಲೆ ಅಮ್ಮ ನೆಂಟರಿಷ್ಟರ ಮನೆಗೆ ಹೋಗುವುದನ್ನೂ ಬಿಟ್ಟಳು, ಬಂದವರಿಗೆ ಅಪ್ಪನನ್ನು ತೋರಿಸುವುದನ್ನೂ ಬಿಟ್ಟಳು.

ಕಂಪ್ಯೂಟರ್ ಬಂದದ್ದು ಇಂಥ ಮನೆಗೆ. ತಂದವರು ನಮ್ಮ ನೆರೆಮನೆಯ ಬ್ಯಾರಿ ಕಾಕ. ಕೆಲವು ವರ್ಷ ಗಲ್ಫಿನಲ್ಲಿದ್ದು ಬಂದು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರು ಅಪ್ಪನ ಹಳೆಯ ಸ್ನೇಹಿತ. ಆಟೋದಲ್ಲಿ ಎರಡು ರಟ್ಟಿನ ಪೆಟ್ಟಿಗೆ ಹೇರಿಕೊಂಡು ಬಂದು, "ಗಲ್ಫಿನಿಂದ ಬಂದದ್ದು. ಅಲ್ಲಿಯ ಆಫೀಸಿನಲ್ಲಿ ಹಳತಾಯ್ತು ಅಂತ ಕೊಟ್ಟದ್ದು. ನನಗೆ ಇದ್ರಿಂದ ಎಂತ ಉಪಯೋಗ? ಏಜಂಟ್ರು ಒಂದು ಕೈಯಲ್ಲಿ ಒತ್ಲಿ, ನಿಮ್ಮ ಮಗಳಿಗೆ ಟೈಪಿಂಗ್ ಗೊತ್ತುಂಟಲ್ಲ" ಎಂದರು. ನಾನು ಆಗ ಬನ್ನಂಜೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದೆ. ಬೆರಳು ಗೊತ್ತಿತ್ತು, ಯಂತ್ರ ಹೊಸದು. ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕ ಓದಿ, ಎರಡು ವಾರ ತಲೆ ಕೆಡಿಸಿಕೊಂಡು ಅದನ್ನು ಪಳಗಿಸಿದೆ.

ಆ ಯಂತ್ರಕ್ಕೆ ಎರಡು ಬಾಯಿ. ಒಂದಕ್ಕೆ ಕೆಲಸ ಮಾಡಿಸುವ ಪ್ರೋಗ್ರಾಮಿನ ಫ್ಲಾಪಿ, ಇನ್ನೊಂದಕ್ಕೆ ನಾವು ಬರೆದದ್ದನ್ನು ಇಟ್ಟುಕೊಳ್ಳುವ ಫ್ಲಾಪಿ. ಪೆಟ್ಟಿಗೆಯಲ್ಲಿ ಬಂದ ಫ್ಲಾಪಿಗಳನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟು, ಅವುಗಳ ಪ್ರತಿ ಮಾಡಿ ಅದರಲ್ಲಿ ಕೆಲಸ ನಡೆಸಿದೆ. ಕನ್ನಡ ಅಕ್ಷರ ಅದಕ್ಕೆ ಬಾರದು. ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಬಸ್ಸಿನ ಬೋರ್ಡು ಮತ್ತು ಟ್ರಿಪ್ ಶೀಟಿನ ಅಕ್ಷರಗಳು. ಅಷ್ಟೇ ಸಾಕಾಯಿತು. ಮೊದಲ ದಿನ ಎಡಗೈಯ ತೋರುಬೆರಳಿನಿಂದ ಕಾಲು ಗಂಟೆ ಹುಡುಕಿ ಹುಡುಕಿ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ತುಳುವಿನಲ್ಲೇ ಒತ್ತಿದರು: 'ಚಾ ಬೋಡು.' ಚಾ ಬೇಕು. ನಾನು ಓದಿ ಹೇಳಿದೆ. ಅಮ್ಮ ಅಡುಗೆಮನೆಗೆ ಓಡಿದವಳು ಚಾ ಕುದಿದು ಉಕ್ಕಿ ಒಲೆ ಆರಿದರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

ಆಮೇಲೆ ಅಪ್ಪನನ್ನು ಹಿಡಿಯುವವರಿಲ್ಲ. ಹೆದ್ದಾರಿ ನಮ್ಮ ಮನೆಗೆ ಕೇಳುವಷ್ಟು ಹತ್ತಿರ. ಹಾರ್ನಿನ ಸದ್ದಿನಲ್ಲೇ ಯಾವ ಬಸ್ಸು ಎಂದು ಗುರುತಿಸಿ, ಹೋದ ಸಮಯ ಬರೆದು, ತಡವಾದರೆ 'ಲೇಟ್' ಎಂದು ಸೇರಿಸುತ್ತಿದ್ದರು. ನಡುನಡುವೆ ಅಮ್ಮನ ಮೇಲಿನ ದೂರುಗಳು, ಮೀನಿಗೆ ಉಪ್ಪು ಕಡಿಮೆ, ಹಳೆಯ ಡ್ರೈವರುಗಳ ಕಥೆ. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬಾರದು, ಸಂಜೆ ನಾನೇ ಎಲ್ಲ ಓದಿ ಹೇಳುತ್ತಿದ್ದೆ. ಒಂದು ಸಾಲನ್ನು ಬಿಟ್ಟು. ಪ್ರತಿ ಪುಟದ ಕೊನೆಗೆ ಅಪ್ಪ ಒತ್ತುತ್ತಿದ್ದರು: 'ತಂಗಡಿ ಓಲು?' ತಂಗಿ ಎಲ್ಲಿ? ಅದನ್ನು ಓದುವ ಧೈರ್ಯ ನನಗಾಗಲಿಲ್ಲ. ಅಪ್ಪ ನನ್ನ ಮುಖ ನೋಡುತ್ತಿದ್ದರು, ನಾನು ಫ್ಲಾಪಿ ತೆಗೆದು ಲಕೋಟೆಗೆ ಹಾಕುತ್ತಿದ್ದೆ. ಅವರ ಬಾಯಿಯಂತೂ ಮೊದಲೇ ಮುಚ್ಚಿತ್ತು, ಇದ್ದ ಒಂದು ಬೆರಳಿನ ಮಾತನ್ನೂ ನಾನು ಮುಚ್ಚಿದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅಪ್ಪ ಬರೆದದ್ದನ್ನು ಕಾಗದದಲ್ಲಿ ನೋಡಬೇಕೆಂಬ ಆಸೆ ನನಗೆ. ಮನೆಯಲ್ಲಿ ಪ್ರಿಂಟರ್ ಇರಲಿಲ್ಲ. ಮಣಿಪಾಲದಲ್ಲಿ ಎರಡು ಕೋಣೆಯ ಒಂದು ಕಂಪ್ಯೂಟರ್ ಸೆಂಟರ್ ಇತ್ತು, ಈಗ ಇಲ್ಲ. ಅಲ್ಲಿನ ಮೇಷ್ಟ್ರು ಪರಿಚಯದವರು. ಒಂದು ಶನಿವಾರ ಪ್ರೋಗ್ರಾಮಿನ ಪ್ರತಿ, ಅಪ್ಪನ ಫ್ಲಾಪಿ ಎರಡನ್ನೂ ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಹೋದೆ. ಕರಕರ ಸದ್ದು ಮಾಡುತ್ತ, ಎರಡೂ ಅಂಚಿಗೆ ತೂತುಗಳಿದ್ದ ಕಾಗದ ಹೊರಗೆ ಬಂತು. ಮನೆಗೆ ತಂದು ಕೊಟ್ಟಾಗ ಅಪ್ಪ ಅದನ್ನು ತೊಡೆಯ ಮೇಲೆ ಹರಡಿಕೊಂಡು, ಬಂದವರಿಗೆಲ್ಲ ತೋರಿಸುವಂತೆ ಸನ್ನೆ ಮಾಡಿದರು. ಬರುವವರು ಕಾಕ ಒಬ್ಬರೇ ಆಗಿದ್ದರು.

ಅದಾಗಿ ಒಂದು ವಾರಕ್ಕೆ ಚೆಂಡು ಬಂತು. ಅಪ್ಪ ಬರೆಯುತ್ತಿದ್ದ ಪರದೆಯ ಮೇಲೆ ಒಂದು ಸಣ್ಣ ಚುಕ್ಕೆ ಎದ್ದು, ಓರೆಯಾಗಿ ಓಡಿ, ಅಂಚಿಗೆ ಬಡಿದು, ತಿರುಗಿ, ಅಕ್ಷರಗಳ ನಡುವೆ ಪುಟಿಯತೊಡಗಿತು. ಅಪ್ಪ ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಬಾಯಿ ಒಂದೇ ಬದಿಗೆ ಎಳೆದ ನಗು, ಆದರೂ ಅದು ನಗುವೇ. ಮೊದಮೊದಲು ಯಾವಾಗ ಬರುತ್ತದೆ ಎಂದು ತಿಳಿಯುತ್ತಿರಲಿಲ್ಲ. ಕಂಡುಹಿಡಿದವರು ಅಪ್ಪನೇ. ಯಂತ್ರ ಶುರುವಾಗುವಾಗ ಸಮಯ ಎಷ್ಟು ಎಂದು ಕೇಳುತ್ತಿತ್ತು, ಅಪ್ಪ ಗಡಿಯಾರ ನೋಡಿ ನಿಮಿಷ ತಪ್ಪದಂತೆ ಒತ್ತುತ್ತಿದ್ದರು. ಅದರಲ್ಲಿ ಸರಿಯಾಗಿ ಅರ್ಧ ಗಂಟೆ ಆಗುವ ಹೊತ್ತಿಗೆ ಫ್ಲಾಪಿ ತಿರುಗುತ್ತಿದ್ದರೆ ಚೆಂಡು ಬರುತ್ತದೆ! ಹತ್ತೂವರೆ, ಹನ್ನೊಂದೂವರೆ. ಆ ಗಳಿಗೆಗೇ ಸರಿಯಾಗಿ ಬರೆದದ್ದನ್ನು ಫ್ಲಾಪಿಗೆ ಹಾಕಿ ಕಾಯುತ್ತಿದ್ದರು. ಬಂದರೆ ಆ ಪುಟದಲ್ಲೇ ಒತ್ತಿ ದಾಖಲಿಸುತ್ತಿದ್ದರು: 'ಬಾಲ್, 10.30, ಸರಿ.' ಜಿಲ್ಲೆಯಲ್ಲಿ ಅಷ್ಟು ಸಮಯಕ್ಕೆ ಸರಿಯಾಗಿ ಬರುವ ಬಸ್ಸು ಬೇರೆ ಇರಲಿಲ್ಲ.

ಒಂದು ದಿನ ಅಪ್ಪನ ಒಂದು ಪುಟ ತೆರೆಯಲೇ ಇಲ್ಲ. ನಾನು ಇನ್‌ಸ್ಟಿಟ್ಯೂಟಿನಿಂದ ಮೇಷ್ಟ್ರಿಗೆ ಫೋನ್ ಮಾಡಿ, ಪುಟದ ವಿಷಯ, ಚೆಂಡಿನ ವಿಷಯ ಎರಡೂ ಹೇಳಿದೆ. ಅವರು ಗಾಬರಿಯಿಂದ, "ಅದು ಆಟ ಅಲ್ಲ, ವೈರಸ್. ಒಂದು ಫ್ಲಾಪಿಯಿಂದ ಇನ್ನೊಂದಕ್ಕೆ ಅಂಟ್ತದೆ. ಭಾನುವಾರ ಬರ್ತೇನೆ, ಅದ್ರ ವ್ಯಾಕ್ಸಿನ್ ಫ್ಲಾಪಿ ಸಿಕ್ಕಿದೆ" ಎಂದರು. ಮನೆಗೆ ಬಂದು ಹೇಳುವಾಗ ನನಗೆ ಸ್ವಲ್ಪ ಬುದ್ಧಿ ಇರಬೇಕಿತ್ತು. "ಕಂಪ್ಯೂಟರಿಗೆ ಯಾವುದೋ ರೋಗ ಅಂಟಿದೆಯಂತೆ, ಹೊರಗಿನಿಂದ ಬಂದದ್ದಂತೆ" ಎಂದುಬಿಟ್ಟೆ.

ಅಮ್ಮ ರೋಗ ಯಾವುದು ಎಂದು ಕೇಳಲಿಲ್ಲ. "ಯಾರ ಕೈಯಿಂದ?" ಎಂದಳು.

ಅಂದೇ ಸಂಜೆ ಕಾಕ ಬಂದಾಗ ಅವರನ್ನು ನಿಲ್ಲಿಸಿಯೇ ಕೇಳಿದಳು. "ಇದನ್ನು ನಿಮಗೆ ಕೊಟ್ಟದ್ದು ಯಾರು? ನೀವು ಗಲ್ಫಿನಿಂದ ಬಂದು ಎಷ್ಟೋ ವರ್ಷ ಆಯ್ತು."

ಕಾಕ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು. "ಅಕ್ಕ, ಕೇಳಿದ ಮೇಲೆ ಸುಳ್ಳು ಹೇಳ್ಲಿಕ್ಕೆ ನನಗೆ ಆಗುದಿಲ್ಲ. ಕಾರ್ಕಳದಿಂದ. ನಿಮ್ಮ ನಾದಿನಿಯ ಗಂಡ ಬಹರೈನಿನಿಂದ ಬರುವಾಗ ತಂದದ್ದು. ಅವಳ ಹೆಸರು ಹೇಳಿದ್ರೆ ನೀವು ಒಳಗೆ ಬಿಡುದಿಲ್ಲ ಅಂತ ನನ್ನ ಹತ್ರ ಕೊಟ್ಟದ್ದು. ಅಣ್ಣ ಮಾತಾಡ್ಲಿ ಅಂತ ಅತ್ತಳು ಅಕ್ಕ."

ಅಮ್ಮ ಪೆಟ್ಟಿಗೆಯಿಂದ ಬೆಡ್‌ಶೀಟ್ ತೆಗೆದು ಕಂಪ್ಯೂಟರಿಗೆ ಹೊದಿಸಿ, ನಾಲ್ಕು ಮೂಲೆಯನ್ನೂ ಮೇಜಿನ ಕಾಲಿಗೆ ಕಟ್ಟಿದಳು. "ಒಮ್ಮೆ ಊಟದಲ್ಲಿ ಹಾಕಿದ್ದು ಸಾಲಲಿಲ್ಲ ಅವಳಿಗೆ" ಎಂದಷ್ಟೇ ಹೇಳಿದಳು. ಅಪ್ಪ ಎಡಗೈ ಎತ್ತಿ ಏನೋ ಕೂಗಿದರು. ಆ ಕೂಗಿನಲ್ಲಿ ಒಂದಕ್ಷರವೂ ನಮಗೆ ತಿಳಿಯಲಿಲ್ಲ. ಐದು ದಿನ ಅವರು ಆ ಬೆಡ್‌ಶೀಟಿನ ಎದುರು ಕುಳಿತರು. ಹೆದ್ದಾರಿಯಲ್ಲಿ ಬಸ್ಸುಗಳು ಹೋದವು, ಬರೆಯಲು ಎಡೆಯಿಲ್ಲ. ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳೊಡನೆ ಮಾತು ಬಿಟ್ಟೆ, ಅವಳು ಮಾಡಿದ ಮೀನು ಮಾತ್ರ ಬಿಡಲಿಲ್ಲ.

ಭಾನುವಾರ ಮೇಷ್ಟ್ರು ಬಂದರು, ಆರಂಭದಲ್ಲಿ ಹೇಳಿದ ಆ ಮಾತನ್ನು ಆಡಿದರು.

"ಮದ್ದು ಹಾಕುದಾ?" ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಹಾಕಿದ್ದು ಸಾಕು. ಮೊದ್ಲು ಯಾರು ಹಾಕಿದ್ದು ಅಂತ ಹೇಳಿ. ಅದು ಗೊತ್ತಾಗದೆ ನನ್ನ ಮನೆಯಲ್ಲಿ ಇನ್ನು ಯಾವ ಮದ್ದೂ ಇಲ್ಲ."

ಮೇಷ್ಟ್ರು ನನ್ನ ಮುಖ ನೋಡಿದರು. ನನಗೆ ಒಮ್ಮೆಲೇ ಹೊಳೆಯಿತು. "ಸರ್, ಯಾವ ಫ್ಲಾಪಿಯಿಂದ ಬಂದದ್ದು ಅಂತ ಗೊತ್ತು ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದೆ. "ಅದೆಂತ ಕಷ್ಟ? ಒಂದೊಂದನ್ನೇ ನೋಡುವ" ಎಂದರು. ಮನುಷ್ಯರಿಗಿಲ್ಲದ ಒಂದು ಅನುಕೂಲ ಯಂತ್ರಕ್ಕೆ ಇತ್ತು. ಬೆಡ್‌ಶೀಟ್ ಬಿಚ್ಚಲು ಅಮ್ಮ ಒಪ್ಪಿದಳು. ಅಪರಾಧಿಯ ಹೆಸರು ಸಿಗುತ್ತದೆ ಎಂದು ಒಪ್ಪಿದ್ದು, ಬೇರೇನಕ್ಕೂ ಅಲ್ಲ.

ಮೇಷ್ಟ್ರು ತಮ್ಮ ಫ್ಲಾಪಿಯಿಂದ ಯಂತ್ರ ಶುರು ಮಾಡಿ, ಕಪಾಟಿನಲ್ಲಿದ್ದ ಕಾರ್ಕಳದ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿದರು. ಒಟ್ಟು ಆರು. ಒಂದರಲ್ಲೂ ಏನೂ ಇಲ್ಲ. "ಇದ್ರಲ್ಲಿ ಇರ್ಲಿಕ್ಕೆ ಸಾಧ್ಯವೇ ಇಲ್ಲಮ್ಮ" ಎಂದು ಒಂದನ್ನು ಅಮ್ಮನ ಕೈಗೆ ಕೊಟ್ಟರು. "ಇಲ್ಲಿ ಬದಿಯಲ್ಲಿ ಸಣ್ಣ ಕಚ್ಚು ಉಂಟಲ್ಲ, ಅದ್ರ ಮೇಲೆ ಪಟ್ಟಿ ಅಂಟಿಸಿದ್ದಾರೆ ನೋಡಿ. ಇದು ಅಂಟಿಸಿದ್ರೆ ಒಳಗೆ ಯಾರೂ ಏನೂ ಸೇರಿಸ್ಲಿಕ್ಕೆ ಆಗುದಿಲ್ಲ. ಕೊಟ್ಟವರು ಬಹಳ ಜಾಗ್ರತೆಯವರು." ಅಮ್ಮ ಆ ಕಪ್ಪು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದಳು. ಆರಕ್ಕೂ ಒಂದೇ ಅಳತೆಗೆ ಕತ್ತರಿಸಿ ಅಂಟಿಸಿದ ಪಟ್ಟಿ.

ಆಮೇಲೆ ನನ್ನ ಎರಡು ಫ್ಲಾಪಿ. ಎರಡರಲ್ಲೂ ಇತ್ತು.

ಮೇಷ್ಟ್ರು ಕತ್ತು ತಗ್ಗಿಸಿದರು. "ಹೇಳ್ಲಿಕ್ಕೆ ನಾಚಿಕೆ ಆಗ್ತದೆ. ಹೋದ ತಿಂಗಳು ನಮ್ಮ ಸೆಂಟರಿನ ಕಂಪ್ಯೂಟರಿಗೂ ಬಂದಿತ್ತು, ನಮಗೇ ಗೊತ್ತಿರ್ಲಿಲ್ಲ. ಇವರು ಪ್ರಿಂಟ್ ತೆಗೀಲಿಕ್ಕೆ ಬಂದ್ರಲ್ಲ, ಆವಾಗ ಅಂಟಿದ್ದು. ನಾವೂ ಬೇಕು ಅಂತ ಮಾಡಿದ್ದಲ್ಲ, ಇವರೂ ಅಲ್ಲ. ಮತ್ತೆ ಆ ಪುಟ ಓದದೇ ಇದ್ದದ್ದು ಇದ್ರಿಂದಲೇ ಅಂತಲೂ ನಾನು ಹೇಳುದಿಲ್ಲ. ಧೂಳು ಕೂತ್ರೂ ಹಾಗಾಗ್ತದೆ."

ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ ಎನಿಸಿತು. "ಅಮ್ಮ, ತಂದದ್ದು ನಾನು" ಎಂದೆ. "ಇದೇ ಕೈಯಲ್ಲಿ, ಊಟದ ಡಬ್ಬಿಯ ಜೊತೆ ತಂದೆ. ಅಪ್ಪನಿಗೆ ಖುಷಿ ಆಗ್ಲಿ ಅಂತ ಹೋದದ್ದು." ಹೇಳುತ್ತಿದ್ದಂತೆ ಉಳಿದದ್ದೂ ಬಂತು. ಅವತ್ತು ಮಣಿಪಾಲದಲ್ಲಿ ತೆಗೆದ ಪ್ರಿಂಟನ್ನು ಬೀರುವಿನಿಂದ ತಂದು, ಎರಡು ತಿಂಗಳಿನಿಂದ ನುಂಗಿಕೊಂಡಿದ್ದ ಸಾಲನ್ನು ಗಟ್ಟಿಯಾಗಿ ಓದಿದೆ. "ಎಲ್ಲ ಪುಟದಲ್ಲೂ ಇದೇ ಉಂಟು. ತಂಗಿ ಎಲ್ಲಿ ಅಂತ ಅಪ್ಪ ದಿನಾ ಕೇಳ್ತಿದ್ದಾರೆ. ನಾನು ನಿನಗೆ ಓದಿ ಹೇಳ್ಲಿಲ್ಲ."

ಅಪ್ಪ ಎಡಗೈಯಿಂದ ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು. ಅಮ್ಮ ಅವರನ್ನೇ ನೋಡಿದಳು. ನನಗೆ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ಮೇಷ್ಟ್ರೆ," ಎಂದಳು, "ಈ ಮದ್ದು ಇದಕ್ಕೆ ಬೇಕೇ ಬೇಕಾ?"

"ಈಗ ಬಂದದ್ದು ತೆಗೀಲಿಕ್ಕೆ ಬೇಕು. ಮುಂದಕ್ಕೆ ಬೇಕಾ ಬೇಡ್ವಾ ನೀವೇ ನೋಡಿ. ಮನೆಯಲ್ಲೇ ಇಟ್ಟುಕೊಂಡು, ಹೊರಗಿನ ಫ್ಲಾಪಿ ಹಾಕದೆ, ಇಲ್ಲಿಯದ್ದನ್ನು ಹೊರಗೆ ಕೊಂಡುಹೋಗದೆ ಇದ್ರೆ ಯಾವ ಮದ್ದೂ ಬೇಡ. ಏನೂ ಅಂಟುದಿಲ್ಲ. ಹೋಗುದು ಬರುದು ಉಂಟಾದ್ರೆ ಮದ್ದು ಬೇಕು, ಆಗಾಗ ಹೊಸತು ಬೇಕು."

"ಯಾರೂ ಬರದೆ, ಎಲ್ಲಿಗೂ ಹೋಗದೆ" ಎಂದು ಅಮ್ಮ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ, "ಹಾಕಿ. ಹೋಗುದು ಬರುದು ಇಲ್ಲದೆ ಆಗುದಿಲ್ಲ. ನನ್ನ ಎದುರೇ ಹಾಕಿ" ಎಂದಳು. ಮೇಷ್ಟ್ರು ಹಾಕುವವರೆಗೂ ಕದಲದೆ ನಿಂತಿದ್ದು, ಮುಗಿದ ಮೇಲೆ ಅವರಿಗೆ ಚಾ, ನೀರುದೋಸೆ ಕೊಟ್ಟು, ಪೂರ್ತಿ ತಿನ್ನುವವರೆಗೂ ಬಿಡಲಿಲ್ಲ. ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಉಂಡು ಎದ್ದ ಮೊದಲ ಅತಿಥಿ ಅವರು.

ಹನ್ನೆರಡೂವರೆಗೆ ಅಪ್ಪ ಎಂದಿನಂತೆ ಫ್ಲಾಪಿ ತಿರುಗಿಸಿ ಕಾದರು. ಚೆಂಡು ಬರಲಿಲ್ಲ. ಗಡಿಯಾರ ನೋಡಿದರು, ಪರದೆ ನೋಡಿದರು. ರೋಗ ಹೋಯಿತೆಂದು ಸಂತೋಷಪಡಬೇಕಾದ ನನಗೆ ಅವರ ಮುಖ ನೋಡಿ ಅಳುವೇ ಬಂತು. ಅಮ್ಮನೂ ನೋಡಿದಳು. ನನ್ನ ಪಕ್ಕಕ್ಕೆ ಬಂದು ಮೆಲ್ಲನೆ, "ಅವತ್ತು ಕಾರ್ಕಳದಲ್ಲಿ ಸಾರು ಮಾಡಿದ ಗುಳ್ಳ ಎಲ್ಲಿಯದ್ದು ಗೊತ್ತುಂಟಾ ನಿನಗೆ?" ಎಂದಳು. ನನಗೆ ಗೊತ್ತಿರಲಿಲ್ಲ. "ನಮ್ಮ ಇಲ್ಲಿಯ ಮಟ್ಟುವಿನದ್ದು. ಚೀಲಕ್ಕೆ ತುಂಬಿಸಿ ಇವರ ಕೈಯಲ್ಲಿ ಕೊಟ್ಟು ಕಳಿಸಿದ್ದು ನಾನೇ ಅಲ್ವಾ, ಮಗಾ. ಯಾರ ಕೈಯಿಂದ ಅಂತ ಕೇಳ್ತಾ ಹೋದ್ರೆ ಮೊದ್ಲು ಸಿಗುದು ನನ್ನ ಕೈ." ಅದನ್ನು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದರೆ, ನಾನು ಅವಳ ಕೈ ಹಿಡಿದುಕೊಂಡೆ. ಮಾತು ಬಿಟ್ಟಿದ್ದೇನೆ ಎಂಬುದು ನನಗೆ ಮರೆತೇಹೋಗಿತ್ತು.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಅಮ್ಮ ಕಾರ್ಕಳಕ್ಕೆ ಹೊರಟಳು, ಚೀಲದಲ್ಲಿ ಗುಳ್ಳ. ಅಪ್ಪನಿಗೆ ಏನೂ ಹೇಳಬೇಡ ಎಂದಿದ್ದಳು, ಅತ್ತೆ ಬಾಗಿಲು ತೆಗೆಯದಿದ್ದರೆ ಎಂಬ ಹೆದರಿಕೆ. ನಾನು ರಜೆ ಹಾಕಿ ಮನೆಯಲ್ಲಿ ಉಳಿದೆ. ಹತ್ತೂವರೆಯ ಹೊತ್ತಿಗೆ ಹೆದ್ದಾರಿಯಲ್ಲಿ ಒಂದು ಬಸ್ಸು ನಿಂತ ಸದ್ದಾಯಿತು. ಅಪ್ಪ ಹಾರ್ನ್ ಗುರುತಿಸಿ ಒತ್ತಲು ಬೆರಳೆತ್ತಿದವರು, ಗೇಟಿನ ಸದ್ದಿಗೆ ತಿರುಗಿದರು. ಅಮ್ಮ ಮುಂದೆ, ಹಿಂದೆ ಅತ್ತೆ. ಅತ್ತೆ ಗೇಟಿನ ಬಳಿಯೇ ನಿಂತಳು. ಅಭ್ಯಾಸವಾಗಿಹೋಗಿತ್ತು ಅವಳಿಗೆ. ಅಮ್ಮ ಹಿಂತಿರುಗಿ, "ಅಲ್ಲಿ ಎಂತಕ್ಕೆ ನಿಂತದ್ದು? ಒಳಗೆ ಬಾ" ಎಂದು ಗದರಿದಳು.

ಅತ್ತೆ ಬಂದು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು, ಅವರ ಸೋತ ಬಲಗೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಅಪ್ಪ ಅಳುತ್ತಿದ್ದರು. ಅಳುತ್ತಲೇ ಎಡಗೈಯನ್ನು ಕೀಗಳ ಮೇಲಿಟ್ಟು, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಅಮ್ಮ, "ಎಂತ ಬರೆದ್ರು? ಈ ಸಲ ಪೂರ್ತಿ ಓದು" ಎಂದಳು.

ಪೂರ್ತಿ ಓದಿದೆ: 'ಕಾರ್ಕಳ, 10.30. ಎರಡು ವರ್ಷ ಲೇಟ್.'